ಶನಿವಾರ ಕೆರೆ, ಭಾನುವಾರ ಸೈಕಲ್, ಸೋಮವಾರ ಮೈಕೈ ನೋವು: ವಾರಾಂತ್ಯದ ಶ್ರಮದಿಂದ ಲಾಭವೇ, ನಷ್ಟವೇ?

ಕಳೆದ ವಾರಾಂತ್ಯ ನಾವು ಕೆಲವರು ಗೆಳೆಯರು ಸ್ವಲ್ಪ ಜಾಸ್ತಿಯೇ ಹುಮ್ಮಸ್ಸಿನಲ್ಲಿದ್ದೆವು. ಶನಿವಾರ ಬೆಳಿಗ್ಗೆ ಮೈಸೂರಿನ ನಮ್ಮ ಬಡಾವಣೆಯ ಕೆರೆ ದಂಡೆಯಲ್ಲಿ ಸ್ವಯಂಸೇವಕರಾಗಿ ಎರಡು ಗಂಟೆ ಪ್ಲಾಸ್ಟಿಕ್ ಹೆಕ್ಕಿ, ಕಾಂಗ್ರೆಸ್ ಗಿಡ ಕಿತ್ತೆವು. ಸಂಜೆ ಮನೆಯ ಹಿಂದಿನ ಕೈತೋಟದಲ್ಲಿ ಪಾತಿ ಅಗೆದು, ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದೆವು. ಭಾನುವಾರ ಬೆಳಕು ಹರಿಯುವ ಮೊದಲೇ ಸೈಕಲ್ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿ, ಕಾವೇರಿ ದಡದಲ್ಲಿ ಇಡ್ಲಿ ತಿಂದು ವಾಪಸ್ ಬಂದೆವು. ಹೋಗಿ ಬರಲು ಮೂವತ್ತು ಕಿಲೋಮೀಟರಿಗೆ ಮೇಲೇ ಆಯಿತು.

ಸೋಮವಾರ ಆಫೀಸಿನ ಮೆಟ್ಟಿಲು ಇಳಿಯುವಾಗ ತೊಡೆಗಳು ನಮ್ಮವಲ್ಲ ಅನ್ನಿಸಿತು. ಅದನ್ನು ನೋಡಿ ಸಿಕ್ಕ ಸಲಹೆಗಳೂ ಕಡಿಮೆಯೇನಲ್ಲ. "ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ, ಚೆನ್ನಾಗಿ ಸ್ಟ್ರೆಚ್ ಮಾಡಿ" ಎಂದರು ಒಬ್ಬರು. "ಐದು ದಿನ ಕುರ್ಚಿಯಲ್ಲಿ ಕೂತು ಎರಡು ದಿನ ಕುಣಿದರೆ ಏನು ಪ್ರಯೋಜನ?" ಎಂದರು ಇನ್ನೊಬ್ಬರು. "ಈ ವಯಸ್ಸಲ್ಲಿ ಹೀಗೆಲ್ಲ ಮಾಡಿ ಹಾರ್ಟಿಗೆ ಏನಾದರೂ ಆದರೆ?" ಎಂಬುದು ಮನೆಯವರ ಆತಂಕ. ಕೈಗೆ ಗುದ್ದಲಿ ತರಚಿದ್ದನ್ನು ಕಂಡ ಪಕ್ಕದ ಮನೆಯ ಅಜ್ಜಿಯದು ಬೇರೆಯೇ ಪ್ರಶ್ನೆ: "ತುಕ್ಕು ತಾಗಿದೆಯಲ್ಲಪ್ಪಾ, ಟಿಟಿ ಹಾಕಿಸಿಕೊಂಡು ಆರು ತಿಂಗಳಾಯ್ತಾ?"

ಈ ನಾಲ್ಕು ಮಾತುಗಳಲ್ಲಿ ಯಾವುದು ನಿಜ, ಯಾವುದು ಬರೀ ನಂಬಿಕೆ? ಒಂದೊಂದಾಗಿ ನೋಡೋಣ.

ನೋವಿಗೆ ಕಾರಣ ಲ್ಯಾಕ್ಟಿಕ್ ಆಸಿಡ್ ಅಲ್ಲ

ಜಿಮ್‌ನಿಂದ ಹಿಡಿದು ಶಾಲೆಯ ಆಟದ ಮೈದಾನದವರೆಗೆ ಎಲ್ಲ ಕಡೆ ಕೇಳಿಬರುವ ವಿವರಣೆ ಇದು: ಜೋರಾಗಿ ದುಡಿದಾಗ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲ ತಯಾರಾಗುತ್ತದೆ, ಅದು ಅಲ್ಲಿಯೇ ಉಳಿದು ಮರುದಿನ ನೋವು ಕೊಡುತ್ತದೆ.

ಇದರ ಮೊದಲರ್ಧದಲ್ಲಿ ಸ್ವಲ್ಪ ಸತ್ಯವಿದೆ. ಜೋರಾಗಿ ಪೆಡಲ್ ತುಳಿದಾಗ ಸ್ನಾಯುಗಳಲ್ಲಿ ಲ್ಯಾಕ್ಟೇಟ್ ಹೆಚ್ಚುವುದು ನಿಜ. ಆದರೆ ಅದು ಕಸವಲ್ಲ. ಹೃದಯವೂ ಇತರ ಸ್ನಾಯುಗಳೂ ಅದನ್ನೇ ಇಂಧನವಾಗಿ ಉರಿಸುತ್ತವೆ. ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಶ್ರಮ ನಿಲ್ಲಿಸಿದ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಅದರ ಮಟ್ಟ ಮೊದಲಿನಂತಾಗುತ್ತದೆ. ಮೈಕೈ ನೋವು ಶುರುವಾಗುವುದು ಹನ್ನೆರಡು ಗಂಟೆಯಾದ ಮೇಲೆ, ತಾರಕಕ್ಕೇರುವುದು ಒಂದರಿಂದ ಮೂರು ದಿನದೊಳಗೆ. ಭಾನುವಾರ ಮಧ್ಯಾಹ್ನಕ್ಕೇ ಮನೆ ಖಾಲಿ ಮಾಡಿ ಹೋದವನು ಸೋಮವಾರ, ಮಂಗಳವಾರ ಗಲಾಟೆ ಮಾಡಲು ಹೇಗೆ ಸಾಧ್ಯ?

1983ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಸೊಗಸಾಗಿ ತೋರಿಸಿತು. ಕೆಲವರನ್ನು ಸಮತಟ್ಟಾದ ಟ್ರೆಡ್‌ಮಿಲ್ ಮೇಲೆಯೂ ಇಳಿಜಾರಿನಲ್ಲಿಯೂ ಓಡಿಸಲಾಯಿತು. ಸಮತಟ್ಟಿನಲ್ಲಿ ಓಡಿದಾಗ ರಕ್ತದಲ್ಲಿ ಲ್ಯಾಕ್ಟೇಟ್ ಏರಿತು, ಮರುದಿನ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಏರಲಿಲ್ಲ, ಆದರೆ ನೋವು ಚೆನ್ನಾಗಿಯೇ ಬಂತು! ಆರೋಪಿ ಸ್ಥಳದಲ್ಲೇ ಇಲ್ಲದಾಗಲೂ ಕಳ್ಳತನ ನಡೆದಿದೆ ಎಂದರೆ ಕಳ್ಳ ಬೇರೆಯೇ ಇರಬೇಕು.

ಹಾಗಾದರೆ ಕಳ್ಳ ಯಾರು?

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದವರನ್ನು ಕೇಳಿ ನೋಡಿ. ಹತ್ತುವಾಗ ಏದುಸಿರು ಬರುತ್ತದೆ, ಎದೆ ಡವಡವ ಎನ್ನುತ್ತದೆ. ಇಳಿಯುವುದು ಸಲೀಸು ಅನ್ನಿಸುತ್ತದೆ. ಆದರೆ ಮರುದಿನ ತೊಡೆ ಹಿಡಿದುಕೊಳ್ಳುವುದಕ್ಕೆ ಹೆಚ್ಚಿನ ಕಾರಣ ಆ ಸಲೀಸಾದ ಇಳಿಯುವಿಕೆಯೇ.

ಸ್ನಾಯು ಎರಡು ಬಗೆಯಲ್ಲಿ ದುಡಿಯುತ್ತದೆ. ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಬಲ ಹಾಕಿ ದೇಹವನ್ನು ಮೇಲಕ್ಕೆ ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ನಿಧಾನವಾಗಿ ಉದ್ದವಾಗುತ್ತಾ, ದೇಹ ಧಡ್ಡನೆ ಬೀಳದಂತೆ ಬ್ರೇಕ್ ಹಾಕುತ್ತದೆ. ಬಾವಿಗೆ ಇಳಿಬಿಟ್ಟ ಕೊಡ ಒಮ್ಮೆಲೇ ಜಾರದಂತೆ ಹಗ್ಗವನ್ನು ಬಿಗಿಹಿಡಿದು ಬಿಡುತ್ತಾ ಹೋಗುತ್ತೇವಲ್ಲ, ಹಾಗೆ. ಈ ಬ್ರೇಕ್ ಕೆಲಸಕ್ಕೆ ದೇಹ ಕಡಿಮೆ ಎಳೆಗಳನ್ನು ಬಳಸುತ್ತದೆ. ಹಾಗಾಗಿ ಒಂದೊಂದು ಎಳೆಯ ಮೇಲೂ ಹೆಚ್ಚು ಜಗ್ಗಾಟ ಬಿದ್ದು, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹಾನಿಯಾಗುತ್ತದೆ. ಅದನ್ನು ದುರಸ್ತಿ ಮಾಡಲು ದೇಹ ಉರಿಯೂತದ ಕೆಲಸಗಾರರನ್ನು ಕಳಿಸುತ್ತದೆ. ಅವು ಬಿಡುಗಡೆ ಮಾಡುವ ರಾಸಾಯನಿಕಗಳಿಂದ ಅಲ್ಲಿನ ನರತುದಿಗಳು ಸೂಕ್ಷ್ಮವಾಗುತ್ತವೆ; ಸುಮ್ಮನೆ ಮುಟ್ಟಿದರೂ ನೋವು. ದುರಸ್ತಿಗೆ ಸಮಯ ಬೇಕಾದ್ದರಿಂದಲೇ ನೋವೂ ತಡವಾಗಿ ಬರುತ್ತದೆ. ನೋವಿನ ಮೂಲ ಸ್ನಾಯುವಿನೊಳಗಿನ ಹರಿತಗಳು ಎಂಬ ಮಾತನ್ನು ಅಮೆರಿಕದ ಥಿಯೊಡರ್ ಹಫ್ 1902ರಷ್ಟು ಹಿಂದೆಯೇ ಹೇಳಿದ್ದರು.

ಈಗ ನಮ್ಮ ವಾರಾಂತ್ಯಕ್ಕೆ ಬನ್ನಿ. ಪೆಡಲ್ ತುಳಿಯುವಾಗ ಸ್ನಾಯು ಹೆಚ್ಚುಕಡಿಮೆ ಕುಗ್ಗುತ್ತಲೇ ಬಲ ಹಾಕುತ್ತದೆ, ಬ್ರೇಕ್ ಕೆಲಸ ಬಹಳ ಕಡಿಮೆ. ಆದರೆ ಕಳೆ ಕೀಳಲು ಕುಕ್ಕರಗಾಲಲ್ಲಿ ಕೂರುವುದು, ಏಳುವುದು, ಮಣ್ಣು ತುಂಬಿದ ಬಾಂಡ್ಲಿಯನ್ನು ಮೆಲ್ಲಗೆ ಕೆಳಗಿಡುವುದು, ಬಗ್ಗಿ ಕಸ ಹೆಕ್ಕುವುದು, ಇವುಗಳಲ್ಲಿ ಬ್ರೇಕ್ ಕೆಲಸ ಧಾರಾಳ. ಎರಡು ಗಂಟೆ ಸೈಕಲ್ ಹೊಡೆದು ನೋವು ಬಂತು ಎಂದುಕೊಂಡಿದ್ದ ನಾವು ನಿಜಕ್ಕೂ ದೂರಬೇಕಿದ್ದದ್ದು ಶನಿವಾರದ ಕಾಂಗ್ರೆಸ್ ಗಿಡವನ್ನು!

ಸ್ಟ್ರೆಚ್ ಮಾಡಿದರೆ ಹೋಗುತ್ತದೆಯೇ?

ವ್ಯಾಯಾಮಕ್ಕೆ ಮೊದಲು ಅಥವಾ ನಂತರ ಮೈ ಸೆಳೆದು ಸ್ಟ್ರೆಚ್ ಮಾಡುವುದರಿಂದ ಈ ನೋವು ತಪ್ಪುತ್ತದೆಯೇ ಎಂಬುದನ್ನು ಹಲವು ಪ್ರಯೋಗಗಳಲ್ಲಿ ಪರೀಕ್ಷಿಸಲಾಗಿದೆ. ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದ 2011ರ ಕಾಕ್ರೇನ್ ವಿಮರ್ಶೆಯ ತೀರ್ಮಾನ: ಆರೋಗ್ಯವಂತ ವಯಸ್ಕರಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸವೇನೂ ಇಲ್ಲ. ಸ್ಟ್ರೆಚಿಂಗ್ ಹಿತವೆನಿಸಿದರೆ ಖಂಡಿತ ಮಾಡಿ, ಆದರೆ ಮಾಡದ್ದಕ್ಕೇ ನೋವು ಬಂತು ಎಂದು ಕೊರಗಬೇಡಿ.

ಹಾಗೆಂದು ದಿನವಿಡೀ ಮಲಗಬೇಕಾಗಿಯೂ ಇಲ್ಲ. ನಿಧಾನಕ್ಕೆ ಓಡಾಡುತ್ತಿದ್ದರೆ ಅಷ್ಟು ಹೊತ್ತಾದರೂ ನೋವು ಹಗುರವೆನಿಸುತ್ತದೆ. ಬಿಸಿನೀರಿನ ಸ್ನಾನ, ಮೃದುವಾದ ಮಾಲೀಸು ಕೂಡ ಆರಾಮ ಕೊಡಬಹುದು. ಐಬುಪ್ರೊಫೇನ್ ಬಗೆಯ ನೋವಿನ ಮಾತ್ರೆಗಳನ್ನು ಮಾತ್ರ ಬೆವರು ಸುರಿದು ನೀರು ಕಡಿಮೆಯಾಗಿರುವಾಗ ನುಂಗಬೇಡಿ. ಮೂತ್ರಪಿಂಡಕ್ಕೆ ಅದು ಹೊರೆ.

ಎಲ್ಲಕ್ಕಿಂತ ಒಳ್ಳೆಯ ಔಷಧಿ ಒಂದಿದೆ: ಅದೇ ಕೆಲಸವನ್ನು ಮತ್ತೆ ಮಾಡುವುದು. ಒಮ್ಮೆ ಪೆಟ್ಟು ತಿಂದು ದುರಸ್ತಿಯಾದ ಸ್ನಾಯು ಮುಂದಿನ ಸಲ ಅಷ್ಟೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಈ ರಕ್ಷಣೆ ಹಲವು ವಾರ ಉಳಿಯುತ್ತದೆ. ಕೂಲಿ ಕೆಲಸದವರು ದಿನವಿಡೀ ನಾಟಿ ಮಾಡಿ ಮರುದಿನವೂ ಗದ್ದೆಗಿಳಿಯುವುದರ ಗುಟ್ಟು ಇದೇ.

ಎರಡೇ ದಿನ ಮಾಡಿದರೆ ಪ್ರಯೋಜನವಿಲ್ಲವೇ?

ಈಗ ಎರಡನೆಯ ಮಾತಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮ ಬೇಕು. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸವಿರಬೇಕು. ಮಾತನಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ಉಸಿರಿದ್ದರೆ ಅದು ಮಧ್ಯಮ. ನಾಲ್ಕು ಪದ ಹೇಳಿ ಉಸಿರೆಳೆದುಕೊಳ್ಳಬೇಕು ಎಂದಾದರೆ ತೀವ್ರ. ತೋಟ ಅಗೆಯುವುದು, ಕಳೆ ಕೀಳುವುದು ಸಾಮಾನ್ಯವಾಗಿ ಮಧ್ಯಮ ಶ್ರಮದ ಲೆಕ್ಕಕ್ಕೆ ಬರುತ್ತವೆ. ಗಂಟೆಗೆ ಹದಿನಾರು ಕಿಲೋಮೀಟರಿಗಿಂತ ವೇಗದ ಸೈಕಲ್ ಸವಾರಿ ತೀವ್ರ ಶ್ರಮ. ಈ ಲೆಕ್ಕದಲ್ಲಿ ಭಾನುವಾರದ ಎರಡು ಗಂಟೆಯ ಸವಾರಿಯೊಂದೇ ವಾರದ ಕೋಟಾ ಮುಗಿಸುತ್ತದೆ.

ಆದರೆ ಎಲ್ಲವನ್ನೂ ಎರಡು ದಿನಕ್ಕೆ ತುರುಕಿದರೆ ದೇಹ ಒಪ್ಪುತ್ತದೆಯೇ? ಇದನ್ನು ತಿಳಿಯಲು ದೊಡ್ಡ ಅಧ್ಯಯನಗಳೇ ನಡೆದಿವೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 40 ವರ್ಷ ದಾಟಿದ 63,591 ಜನರ ಮಾಹಿತಿಯನ್ನು ಆಧರಿಸಿದ 2017ರ ಅಧ್ಯಯನದಲ್ಲಿ, ವಾರದ ಶ್ರಮವನ್ನು ಒಂದೆರಡು ದಿನದಲ್ಲೇ ಮುಗಿಸುವವರ ಸಾವಿನ ಅಪಾಯ, ಏನೂ ಮಾಡದವರಿಗಿಂತ ಸುಮಾರು ಶೇ. 30ರಷ್ಟು ಕಡಿಮೆಯಿತ್ತು. ವಾರವಿಡೀ ಹಂಚಿ ಮಾಡುವವರಲ್ಲಿ ಅದು ಶೇ. 35ರಷ್ಟು ಕಡಿಮೆ. ಆದರೆ ಅಲ್ಲಿ ಜನ ತಾವೇ ಹೇಳಿದ ವ್ಯಾಯಾಮದ ಲೆಕ್ಕವನ್ನು ನಂಬಬೇಕಿತ್ತು.

2023ರಲ್ಲಿ ಬ್ರಿಟನ್ನಿನ 89,573 ಜನರ ಮಣಿಕಟ್ಟಿಗೆ ಕಟ್ಟಿದ್ದ ಚಲನೆ ಅಳೆಯುವ ಸಾಧನದ ಮಾಹಿತಿ ವಿಶ್ಲೇಷಿಸಿದ ಅಧ್ಯಯನ ಬಂತು. ವಾರಕ್ಕೆ 150 ನಿಮಿಷ ದಾಟಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದೆರಡು ದಿನದಲ್ಲೇ ಮಾಡುವವರಿಗೆ ಹೃದಯಾಘಾತದ ಅಪಾಯ ಶೇ. 27ರಷ್ಟು ಕಡಿಮೆ, ಹಂಚಿ ಮಾಡುವವರಿಗೆ ಶೇ. 35. ಹೃದಯ ವೈಫಲ್ಯದಲ್ಲಿ ಎರಡೂ ಗುಂಪಿನವರು ಹೆಚ್ಚುಕಡಿಮೆ ಸಮಾನ: ಶೇ. 38 ಮತ್ತು ಶೇ. 36ರಷ್ಟು ಕಡಿಮೆ.

ಇಲ್ಲಿ ಒಂದು ಎಚ್ಚರ ಬೇಕು. ಆರೋಗ್ಯವಾಗಿರುವವರೇ ಸೈಕಲ್ ಹೊಡೆಯಲು, ಕೆರೆ ಕೆಲಸಕ್ಕೆ ಬರಲು ಮುಂದಾಗುತ್ತಾರೆ. ಹಾಗಾಗಿ ಸೈಕಲ್‌ನಿಂದ ಆರೋಗ್ಯವೋ, ಆರೋಗ್ಯದಿಂದ ಸೈಕಲ್ಲೋ ಎಂಬ ಪ್ರಶ್ನೆ ಇಂಥ ಅಧ್ಯಯನಗಳಲ್ಲಿ ಪೂರ್ತಿ ಬಗೆಹರಿಯುವುದಿಲ್ಲ. ಸಂಶೋಧಕರು ವಯಸ್ಸು, ಧೂಮಪಾನ ಮುಂತಾದವನ್ನು ಲೆಕ್ಕಕ್ಕೆ ಹಿಡಿದಿದ್ದರೂ ಅನುಮಾನ ಸ್ವಲ್ಪ ಉಳಿಯುತ್ತದೆ. ಭಾಗವಹಿಸಿದವರಲ್ಲಿ ಹೆಚ್ಚಿನವರು ಬ್ರಿಟನ್ನಿನ ಬಿಳಿಯರು ಎಂಬುದೂ ನೆನಪಿರಲಿ. ಆದರೂ "ಎರಡು ದಿನ ಮಾಡಿದರೆ ಪ್ರಯೋಜನವಿಲ್ಲ" ಎಂಬ ಮಾತಿಗೆ ಆಧಾರವಿಲ್ಲ ಎನ್ನಲು ಇಷ್ಟು ಸಾಕು.

ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಉತ್ತರ ಬೇರೆ. ವ್ಯಾಯಾಮದ ನಂತರ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವುದು ಒಂದರಿಂದ ಮೂರು ದಿನ ಅಷ್ಟೇ. ಭಾನುವಾರದ ಸವಾರಿಯ ಲಾಭ ಬುಧವಾರಕ್ಕೆ ಮುಗಿದುಹೋಗುತ್ತದೆ. ಆದ್ದರಿಂದಲೇ ಮಧುಮೇಹಿಗಳು ಸತತ ಎರಡು ದಿನಕ್ಕಿಂತ ಹೆಚ್ಚು ಅಂತರ ಬಿಡಬಾರದು ಎನ್ನುತ್ತಾರೆ ತಜ್ಞರು. ವಾರದ ನಡುವೆ ಅರ್ಧ ಗಂಟೆಯ ನಡಿಗೆಯಾದರೂ ಬೇಕು.

ಹೃದಯಕ್ಕೆ ಅಪಾಯವೇ?

ಮನೆಯವರ ಆತಂಕವನ್ನು ನಕ್ಕು ತಳ್ಳಿಹಾಕುವಂತಿಲ್ಲ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರು ಹಠಾತ್ತನೆ ತೀರಿಕೊಂಡ ಮೇಲೆ ಹೃದಯ ತಪಾಸಣೆಗೆ ಆಸ್ಪತ್ರೆಗಳಲ್ಲಿ ಜನ ಮುಗಿಬಿದ್ದದ್ದು ನಮಗೆಲ್ಲ ನೆನಪಿದೆ. ವ್ಯಾಯಾಮವೇ ಬೇಡ ಎಂದು ಆಗ ಬಿಟ್ಟವರೂ ಇದ್ದಾರೆ.

1993ರಲ್ಲಿ ಅಮೆರಿಕದಲ್ಲಿ ಹೃದಯಾಘಾತದಿಂದ ಬದುಕುಳಿದ 1,228 ಜನರನ್ನು ಸಂದರ್ಶಿಸಿದ ಅಧ್ಯಯನವೊಂದು ಪ್ರಕಟವಾಯಿತು. ತೀವ್ರ ಶ್ರಮದ ಮುಂದಿನ ಒಂದು ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ಎಷ್ಟು ಹೆಚ್ಚುತ್ತದೆ ಎಂಬುದು ಅದರ ಪ್ರಶ್ನೆ. ವಾರಕ್ಕೆ ಐದು ಅಥವಾ ಹೆಚ್ಚು ಸಲ ಶ್ರಮಪಡುವವರಲ್ಲಿ ಅದು 2.4 ಪಟ್ಟು ಹೆಚ್ಚಿತ್ತು. ವಾರಕ್ಕೆ ಒಂದೆರಡು ಸಲ ಮಾಡುವವರಲ್ಲಿ ಸುಮಾರು 19 ಪಟ್ಟು. ವಾರಕ್ಕೊಮ್ಮೆಯೂ ಮಾಡದವರಲ್ಲಿ 107 ಪಟ್ಟು!

ಈ ಸಂಖ್ಯೆ ಕಂಡು ಗಾಬರಿಯಾಗಬೇಡಿ. "ಎಷ್ಟು ಪಟ್ಟು" ಎಂಬುದರ ಜೊತೆ "ಎಷ್ಟರ ಪಟ್ಟು" ಎಂದೂ ಕೇಳಬೇಕು. ಬೇರೆ ತೊಂದರೆಯಿಲ್ಲದ ಮಧ್ಯವಯಸ್ಕರೊಬ್ಬರಿಗೆ ಯಾವುದೋ ಒಂದು ಗಂಟೆಯಲ್ಲಿ ಹೃದಯಾಘಾತವಾಗುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು ಎಂದಿಟ್ಟುಕೊಳ್ಳಿ. ಅದು ನೂರು ಪಟ್ಟಾದರೂ ಹತ್ತು ಸಾವಿರಕ್ಕೆ ಒಂದು, ಅದೂ ಆ ಸ್ವಲ್ಪ ಹೊತ್ತು ಮಾತ್ರ. ಇನ್ನೊಂದು ಕಡೆ, ಅದೇ ಶ್ರಮ ರೂಢಿಯಾದರೆ ಉಳಿದೆಲ್ಲ ಗಂಟೆಗಳ ಅಪಾಯ ಇಳಿಯುತ್ತದೆ. ಹೀಗಾಗಿ ಅಪಾಯಕ್ಕೆ ಮದ್ದು ವ್ಯಾಯಾಮ ಬಿಡುವುದಲ್ಲ, ಮೆಲ್ಲಗೆ ರೂಢಿ ಮಾಡಿಕೊಳ್ಳುವುದು. ವರ್ಷಗಟ್ಟಲೆ ಕೂತಿದ್ದವರು ಮೊದಲ ಭಾನುವಾರವೇ ನಂದಿ ಬೆಟ್ಟ ಏರಲು ಹೊರಡುವುದು ಸಾಹಸವಲ್ಲ, ದುಡುಕು.

ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಕಂಡವರು ತೀವ್ರ ಶ್ರಮಕ್ಕೆ ಮೊದಲು ವೈದ್ಯರನ್ನು ಕಾಣುವುದು ಜಾಣತನ. ಸವಾರಿಯ ನಡುವೆ ಎದೆ ಹಿಂಡಿದಂತಾದರೆ, ಎಡಗೈ ಅಥವಾ ದವಡೆಗೆ ನೋವು ಹರಡಿದರೆ, ತಲೆ ಸುತ್ತಿ ಬಂದರೆ "ಗ್ಯಾಸ್ ಇರಬೇಕು" ಎಂದು ಮುಂದುವರಿಯಬೇಡಿ. ಅಲ್ಲೇ ನಿಂತು 108ಕ್ಕೆ ಕರೆ ಮಾಡಿ.

ತುಕ್ಕು, ಟಿಟಿ ಮತ್ತು ಕೆರೆಯ ನೀರು

ಅಜ್ಜಿಯ ಪ್ರಶ್ನೆಯಲ್ಲಿ ಕಾಳಜಿ ಸರಿಯಾಗಿದೆ, ಕಾರಣ ಮಾತ್ರ ತಪ್ಪು. ಧನುರ್ವಾಯು ತುಕ್ಕಿನಿಂದ ಬರುವುದಿಲ್ಲ. ಅದಕ್ಕೆ ಕಾರಣವಾದ ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ಇರುತ್ತವೆ. ಗಾಳಿಯಾಡದ ಆಳವಾದ ಗಾಯದಲ್ಲಿ ಅವು ಬೆಳೆದು ವಿಷ ಉಂಟುಮಾಡುತ್ತವೆ. ತುಕ್ಕು ಹಿಡಿದ ಮೊಳೆ ಸಾಮಾನ್ಯವಾಗಿ ಮಣ್ಣಲ್ಲೇ ಬಿದ್ದಿರುತ್ತದೆ, ಆಳಕ್ಕೂ ಚುಚ್ಚುತ್ತದೆ. ಅದಕ್ಕೇ ಆ ಕೆಟ್ಟ ಹೆಸರು. ಗೊಬ್ಬರ ಹಾಕಿದ ಪಾತಿಯಲ್ಲಿನ ಗುಲಾಬಿ ಮುಳ್ಳು, ಹೊಳೆಯುವ ಹೊಸ ಗುದ್ದಲಿ ಕೂಡ ಅಷ್ಟೇ ಅಪಾಯ ತರಬಲ್ಲವು.

"ಆರು ತಿಂಗಳಿಗೊಮ್ಮೆ ಟಿಟಿ" ಎಂಬುದೂ ನಮ್ಮಲ್ಲಿ ಬೇರೂರಿದ ನಂಬಿಕೆ. ಬಾಲ್ಯದ ಲಸಿಕೆಗಳನ್ನು ಪೂರ್ತಿ ಹಾಕಿಸಿಕೊಂಡವರಿಗೆ ಹತ್ತು ವರ್ಷಕ್ಕೊಂದು ಬೂಸ್ಟರ್ ಸಾಕು. ಗಾಯ ಆಳವಾಗಿದ್ದು ಮಣ್ಣು, ಸಗಣಿ ತಾಗಿದ್ದರೆ, ಕೊನೆಯ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದಲ್ಲಿ ಇನ್ನೊಂದು ಬೇಕು. ಬಾಲ್ಯದಲ್ಲಿ ಹಾಕಿಸಿದ್ದಾರೋ ಇಲ್ಲವೋ ಗೊತ್ತಿಲ್ಲದಿದ್ದರೆ ವೈದ್ಯರಿಗೆ ಅದನ್ನೇ ಹೇಳಿ. ಇದಕ್ಕೆಲ್ಲ ಮೊದಲು ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ.

ಕೆರೆ ಕೆಲಸದಲ್ಲಿ ಇನ್ನೊಂದು ಅಪಾಯವಿದೆ, ಅದರ ಬಗ್ಗೆ ಯಾರೂ ಕೇಳುವುದಿಲ್ಲ: ಇಲಿ ಜ್ವರ. ಇಲಿ, ದನ, ನಾಯಿಗಳ ಮೂತ್ರ ಸೇರಿದ ನೀರು ಮತ್ತು ಕೆಸರಿನಿಂದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಸಣ್ಣ ಗಾಯಗಳ ಮೂಲಕ ದೇಹ ಸೇರುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಕಣ್ಣು ಕೆಂಪಾಗುವುದು ಮತ್ತು ಮೀನಖಂಡದಲ್ಲಿ ತೀವ್ರ ನೋವು ಕಾಣಿಸಿಕೊಳ್ಳುತ್ತದೆ. "ಅವತ್ತು ಕೆಲಸ ಜಾಸ್ತಿಯಾಯ್ತು, ಅದಕ್ಕೇ ಕಾಲು ನೋವು" ಎಂದು ಸುಮ್ಮನಾಗುವ ಸಾಧ್ಯತೆ ಇರುವುದು ಇಲ್ಲೇ. ಶ್ರಮದ ನೋವಿಗೆ ಜ್ವರ ಬರುವುದಿಲ್ಲ, ಅದು ವಾರದೊಳಗೆ ಮಾಯವೂ ಆಗುತ್ತದೆ. ಜ್ವರ ಬಂದರೆ ಕೆರೆಗೆ ಇಳಿದದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಬೇಗ ಗೊತ್ತಾದರೆ ಆಂಟಿಬಯಾಟಿಕ್‌ಗಳಿಂದ ಗುಣವಾಗುವ ಕಾಯಿಲೆ ಇದು. ಗಮ್‌ಬೂಟು ಮತ್ತು ದಪ್ಪ ಕೈಗವಸು ಇಲ್ಲದೆ ಕೆಸರಿಗೆ ಇಳಿಯುವುದೇ ಬೇಡ.

ನಿರ್ಲಕ್ಷಿಸಬಾರದ ಒಂದು ಲಕ್ಷಣ

ಬಹಳ ಅಪರೂಪಕ್ಕೆ, ರೂಢಿಯಿಲ್ಲದ ವಿಪರೀತ ಶ್ರಮದಿಂದ ಸ್ನಾಯುಗಳು ದೊಡ್ಡ ಪ್ರಮಾಣದಲ್ಲಿ ಒಡೆದು, ಒಳಗಿನ ಮಯೊಗ್ಲೋಬಿನ್ ರಕ್ತಕ್ಕೆ ಸುರಿಯುತ್ತದೆ. ಅದನ್ನು ಸೋಸಲು ಹೋಗಿ ಮೂತ್ರಪಿಂಡಗಳು ಸೋಲಬಹುದು. ಮೂತ್ರ ಕಡು ಚಹಾದ ಅಥವಾ ಕೋಲಾದ ಬಣ್ಣಕ್ಕೆ ತಿರುಗಿದರೆ, ಸ್ನಾಯು ಊದಿಕೊಂಡು ಕೈಕಾಲು ಎತ್ತಲಾಗದಷ್ಟು ನಿಶ್ಶಕ್ತಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಿಸಿಲಲ್ಲಿ, ನೀರು ಕುಡಿಯದೆ ದುಡಿದವರಲ್ಲಿ ಇದರ ಅಪಾಯ ಹೆಚ್ಚು. ಆದ್ದರಿಂದ ಬಾಯಾರಿಕೆಯಾದಾಗೆಲ್ಲ ನೀರು ಕುಡಿಯಿರಿ, ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಆದರೆ ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಹಾಗಾಗಿ ಅದೊಂದನ್ನೇ ನಂಬಬೇಡಿ.

ಮುಂದಿನ ಶನಿವಾರಕ್ಕೆ

ನಾವೇನು ಮಾಡುತ್ತಿದ್ದೇವೆ ಎಂದರೆ, ಮಂಗಳವಾರ ಮತ್ತು ಗುರುವಾರ ಆಫೀಸಿನ ಮೆಟ್ಟಿಲನ್ನೇ ವ್ಯಾಯಾಮ ಮಾಡಿಕೊಂಡಿದ್ದೇವೆ: ಹತ್ತುವುದಷ್ಟೇ ಅಲ್ಲ, ನಿಧಾನವಾಗಿ ಇಳಿಯುವುದನ್ನೂ. ಮನೆಯಲ್ಲಿ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು ಕುಕ್ಕರಗಾಲಿನ ಕೆಲಸಕ್ಕೆ ತಯಾರಿ. ಕೈತೋಟದಲ್ಲಿ ಅರ್ಧ ಗಂಟೆಗೊಮ್ಮೆ ಕೆಲಸ ಬದಲಿಸುತ್ತೇವೆ: ಅಗೆದ ಮೇಲೆ ನೀರು ಹಾಕುವುದು, ನೀರು ಹಾಕಿದ ಮೇಲೆ ಕಳೆ. ಸೈಕಲ್ ಹತ್ತಿದರೆ ಮೊದಲ ಹತ್ತು ನಿಮಿಷ ಮೆಲ್ಲಗೆ, ಕೊನೆಯ ಹತ್ತು ನಿಮಿಷವೂ ಮೆಲ್ಲಗೆ. ಪೆಡಲ್ ತೀರಾ ಕೆಳಗಿರುವಾಗ ಮೊಣಕಾಲು ಸ್ವಲ್ಪ ಮಡಿಚಿರುವಂತೆ ಸೀಟಿನ ಎತ್ತರ ಸರಿಮಾಡಿಕೊಂಡಿದ್ದೇವೆ.

ವಾರವಿಡೀ ಬಿಡುವು ಸಿಗುವವರು ಹಂಚಿಕೊಂಡು ಮಾಡಲಿ. ಎರಡೇ ದಿನ ಸಿಗುವವರು "ಇಷ್ಟರಿಂದ ಏನಾಗುತ್ತದೆ" ಎಂದು ಸೋಫಾದಲ್ಲಿ ಉಳಿಯುವುದು ಬೇಡ. ಪಕ್ಕದ ಮನೆಯ ಅಜ್ಜಿಗೂ ನಮ್ಮ ಲಸಿಕೆಯ ಲೆಕ್ಕ ಒಪ್ಪಿಸಿದ್ದಾಗಿದೆ: ಕೊನೆಯದು ಹಾಕಿಸಿ ಏಳು ವರ್ಷವಾಗಿತ್ತು, ಗುದ್ದಲಿಗೆ ಗೊಬ್ಬರದ ಮಣ್ಣು ಮೆತ್ತಿತ್ತು, ಹಾಗಾಗಿ ಹಾಕಿಸಿಕೊಂಡು ಬಂದೆವು. ಕಾರಣ ಏನೇ ಇರಲಿ, ಆ ಸಲ ಅಜ್ಜಿಯ ಮಾತೇ ಗೆದ್ದಿತು.